‘ಯಾವ ಹಕ್ಕಿ?’ ಎಂದು ಕೇಳಿದರೆ ಸಾಲದು

ಮಹಾಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರಿನತ್ತ ಸಾಗುವ ಹಾದಿಯಲ್ಲಿ ಎರಡು ಬಗೆಯ ಯಾತ್ರಿಕರು ಕಾಣಸಿಗುತ್ತಾರೆ. ಮೊದಲನೆಯವರು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಪರಸೆಯ ಜನ. ಎರಡನೆಯವರು ಕೊರಳಿಗೆ ದುರ್ಬೀನು, ಹೆಗಲಿಗೆ ಉದ್ದ ಮಸೂರದ ಕ್ಯಾಮೆರಾ ತೂಗುಹಾಕಿಕೊಂಡು, ಕಾಡಿನ ಹಕ್ಕಿಗಳನ್ನು ಅರಸಿ ವಾಹನಗಳಲ್ಲಿ ಬರುವ ಪಕ್ಷಿವೀಕ್ಷಕರು. ಪರಸೆಯವರು ಮಧುವನಹಳ್ಳಿಯಲ್ಲಿ ಮರದ ನೆರಳು ಕಂಡರೆ ಕುಳಿತು, ನೀರು ಕುಡಿದು, ದಣಿವಾರಿಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಪಕ್ಷಿವೀಕ್ಷಕರ ವಾಹನ ಅಲ್ಲಿ ನಿಲ್ಲುವುದಿಲ್ಲ. ನಿಲ್ಲಲು ಅಲ್ಲೇನಿದೆ? ರಾಗಿ ಕೊಯ್ದ ಕೂಳೆ ಹೊಲ, ಹಿಪ್ಪುನೇರಳೆ ತೋಟ, ತೆಂಗು, ಬೇವು, ಒಣಗಿದ ಹುಲ್ಲಿನ ಬದು, ವಿದ್ಯುತ್ ತಂತಿ. ಇವೆಲ್ಲ ಹಕ್ಕಿ ನೋಡುವ ತಾಣಗಳೆಂದು ಯಾವ ಪುಸ್ತಕವೂ ಹೇಳಿಲ್ಲ.

ಆದರೆ ಹಕ್ಕಿಗಳಿಗೆ ಪುಸ್ತಕ ಓದುವ ಅಭ್ಯಾಸವಿಲ್ಲ. ಬೇಸಿಗೆಯ ಆರಂಭದಲ್ಲಿ ಇದೇ ಬಯಲಿನಲ್ಲಿ ಕೋಗಿಲೆ ದನಿ ತೆಗೆಯುತ್ತದೆ. ಅರಳಿ ಮರದ ತುದಿಯಲ್ಲಿ ಕಂಚುಗಾರ ಹಕ್ಕಿ ದಿನವಿಡೀ ತಾಮ್ರ ಬಡಿಯುತ್ತದೆ. ಮುತ್ತುಗ ಹೂಬಿಟ್ಟಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಗದ್ದಲವೆಬ್ಬಿಸಿ, ಏಪ್ರಿಲ್ ವೇಳೆಗೆ ಮಧ್ಯ ಏಷ್ಯಾದ ತನ್ನ ತವರಿಗೆ ಹಾರಿಹೋಗುತ್ತದೆ. ಟಿಟ್ಟಿಭವು ಬರಿನೆಲದ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಟ್ಟು, ದನಕರು ಸಮೀಪಿಸಿದರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಈಚಿನ ವರ್ಷಗಳಲ್ಲಿ ಹಳ್ಳಿಯ ವಿದ್ಯಾರ್ಥಿಗಳೂ ಇವನ್ನು ಗಮನಿಸತೊಡಗಿದ್ದಾರೆ. ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುತ್ತಾರೆ, ಕಾಣದ್ದನ್ನು ಕೇಳುತ್ತಾರೆ. ‘ಇದು ಯಾವ ಹಕ್ಕಿ? ಗಂಡೋ, ಹೆಣ್ಣೋ? ಇಲ್ಲಿಯದೋ, ವಲಸೆ ಬಂದದ್ದೋ?’

ಈ ಪ್ರಶ್ನೆಗಳು ಒಳ್ಳೆಯವು. ಆದರೆ ಇಲ್ಲಿಗೇ ನಿಂತರೆ ಅವು ಕೇವಲ ಕುತೂಹಲದ ಪ್ರಶ್ನೆಗಳಾಗಿ ಉಳಿಯುತ್ತವೆ. ಹೆಸರು ಸಿಕ್ಕೊಡನೆ ಪಟ್ಟಿಗೆ ಒಂದು ಗೆರೆ ಸೇರುತ್ತದೆ, ಮಾತು ಮುಗಿಯುತ್ತದೆ. ‘ಕಳೆದ ಬೇಸಿಗೆಯಲ್ಲಿ ಗೂಡು ಕಟ್ಟಿದ್ದ ಹಕ್ಕಿ ಈ ಬೇಸಿಗೆಯಲ್ಲಿ ಏಕೆ ಕಟ್ಟಲಿಲ್ಲ? ಅದು ಏನು ತಿನ್ನುತ್ತಿತ್ತು? ಆ ಹೊಲಕ್ಕೆ ಏನು ಸಿಂಪಡಿಸಲಾಯಿತು?’ ಎಂಬ ಪ್ರಶ್ನೆಗಳು ಬೇರೊಂದು ಜಾತಿಗೆ ಸೇರಿದವು. ಅವುಗಳಿಗೆ ಉತ್ತರ ಹುಡುಕಹೊರಟರೆ ಗೊಬ್ಬರದ ಅಂಗಡಿಯ ಬಾಗಿಲಿಗೂ ಪಂಚಾಯಿತಿಯ ಮೆಟ್ಟಿಲಿಗೂ ಹೋಗಬೇಕಾಗುತ್ತದೆ. ಅವು ಕೇಳಿಬರುವುದು ಅಪರೂಪವಾಗಿರುವುದಕ್ಕೆ ಕಾರಣವೂ ಬಹುಶಃ ಅದೇ.

ತಂತಿಯ ಹಕ್ಕಿ, ಪೊಟರೆಯ ಹಕ್ಕಿ

ಉದಾಹರಣೆಗೆ ನೀಲಕಂಠವನ್ನೇ ತೆಗೆದುಕೊಳ್ಳಬಹುದು. ದಾಸಮಗರೆ ಎಂದೂ ಕರೆಯಲಾಗುವ ಇದು ಕರ್ನಾಟಕದ ರಾಜ್ಯಪಕ್ಷಿ. ಕುಳಿತಾಗ ಮಣ್ಣಿನ ಬಣ್ಣದ ಸಾಧಾರಣ ಹಕ್ಕಿ. ರೆಕ್ಕೆ ಬಿಚ್ಚಿದೊಡನೆ ಕಡುನೀಲಿ, ತಿಳಿನೀಲಿ ಪಟ್ಟೆಗಳು ಹೊಳೆಯುತ್ತವೆ. ಬೇಸಿಗೆಯಲ್ಲಿ ಗಂಡುಹಕ್ಕಿ ಮೇಲಕ್ಕೇರಿ, ಕರ್ಕಶವಾಗಿ ಕೂಗುತ್ತ, ಪಲ್ಟಿ ಹೊಡೆಯುತ್ತ ಕೆಳಗಿಳಿಯುವ ಆಟ ನೋಡಿದವರು ಅದನ್ನು ಮರೆಯುವುದಿಲ್ಲ. ಮಿಡತೆ, ಜೀರುಂಡೆ, ದುಂಬಿಗಳು ಅದರ ಮುಖ್ಯ ಆಹಾರ. ಹೊಲದ ಮಧ್ಯೆ ತಂತಿಯ ಮೇಲೋ ಒಣಕೊಂಬೆಯ ಮೇಲೋ ಕುಳಿತು, ನೆಲದ ಮೇಲಿನ ಹುಳವನ್ನು ಕಂಡು ಎರಗುವ ಈ ಹಕ್ಕಿ ರೈತನಿಂದ ಒಂದು ಕಾಳನ್ನೂ ಕೇಳುವುದಿಲ್ಲ.

ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಪ್ರಕಟವಾದ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿತು. ಸುಮಾರು 30 ಸಾವಿರ ಪಕ್ಷಿವೀಕ್ಷಕರು ದಾಖಲಿಸಿದ ಮೂರು ಕೋಟಿ ಅವಲೋಕನಗಳು ಅದರ ಆಧಾರ. ದೀರ್ಘಕಾಲದ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದದ್ದು 338 ಪ್ರಭೇದಗಳಿಗೆ. ಅವುಗಳಲ್ಲಿ 204 ಕ್ಷೀಣಿಸಿವೆ, 98 ಸ್ಥಿರವಾಗಿವೆ, ಹೆಚ್ಚಿರುವುದು 36 ಮಾತ್ರ. ಶೇಕಡ 30ಕ್ಕೂ ಹೆಚ್ಚು ಕುಸಿತ ಕಂಡಿರುವುದರಿಂದ ಜಾಗತಿಕ ಕೆಂಪುಪಟ್ಟಿಯಲ್ಲಿ ಮರುಪರಿಶೀಲನೆಗೆ ಒಳಪಡಬೇಕೆಂದು ವರದಿ ಸೂಚಿಸಿದ 14 ಪ್ರಭೇದಗಳಲ್ಲಿ ನೀಲಕಂಠವೂ ಒಂದು. ಹುಲಿಯಂತೆ ದಟ್ಟ ಕಾಡನ್ನು ಬೇಡದ, ಹೊಲದ ಬದುವಿನಲ್ಲೇ ತೃಪ್ತವಾಗಿರುವ ಹಕ್ಕಿಯ ಸ್ಥಿತಿ ಇದು.

‘ಇಲ್ಲ, ನೀಲಕಂಠ ಈಗಲೂ ಕಾಣುತ್ತದೆಯಲ್ಲ’ ಎಂದು ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ನೋಡಿದ್ದು ಯಾವ ತಿಂಗಳಲ್ಲಿ? ದಕ್ಷಿಣದ ಬಯಲುಗಳಲ್ಲಿ ಮಳೆಗಾಲ ಕಳೆದ ಮೇಲೆ, ಚಳಿಗಾಲದಲ್ಲಿ, ನೀಲಕಂಠ ಹೆಚ್ಚು ಕಡೆ ಕಾಣಿಸಿಕೊಳ್ಳುತ್ತದೆ. ಆಗ ಅದು ಆಹಾರ ಅರಸಿ ಅಲೆದಾಡುವ ಕಾಲ. ಜನವರಿಯಲ್ಲಿ ತಂತಿಯ ಮೇಲೆ ಕುಳಿತ ಹಕ್ಕಿ ಆ ಊರಿನ ಅತಿಥಿಯಾಗಿರಬಹುದು. ಏಪ್ರಿಲ್‌ನಲ್ಲಿ ಪೊಟರೆಯೊಳಗೆ ಮೊಟ್ಟೆಯಿಟ್ಟ ಹಕ್ಕಿ ಮಾತ್ರ ಆ ಊರಿನ ಒಕ್ಕಲು. ತಂತಿಯ ಹಕ್ಕಿಯನ್ನು ಎಣಿಸಿ ಸಮಾಧಾನಪಡುವುದು ಜಾತ್ರೆಗೆ ಬಂದವರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಿದಂತೆ. ಬೇಸಿಗೆಯ ಆರಂಭದ ಅವಲೋಕನಕ್ಕೆ ಇರುವ ಬೆಲೆ ಇದೇ. ಯಾವ ಹಕ್ಕಿ ಒಕ್ಕಲು, ಯಾವುದು ಅತಿಥಿ ಎಂಬುದು ತಿಳಿಯುವುದು ಈ ಮೂರು ತಿಂಗಳಲ್ಲಿ ಮಾತ್ರ.

ಗೂಡಿಗೆ ನೀಲಕಂಠ ಬೇಡುವುದು ಒಂದು ಪೊಟರೆ. ಮರಕುಟಿಗದಂತೆ ತಾನೇ ಕೊರೆದುಕೊಳ್ಳುವ ಕೊಕ್ಕು ಅದಕ್ಕಿಲ್ಲ. ತಲೆಬಿದ್ದ ತೆಂಗಿನ ಬೊಡ್ಡೆ, ಟೊಳ್ಳಾದ ಹಳೆಯ ಬೇವು, ಹುಣಸೆ, ಈಚಲು ಇಂಥವೇ ಅದರ ಮನೆ. ಇಂದು ಹೊಲದಲ್ಲಿ ಒಣಮರ ನಿಂತಿದ್ದರೆ ಅದನ್ನು ಸೋಮಾರಿತನದ ಗುರುತೆಂದು ಭಾವಿಸಲಾಗುತ್ತದೆ. ರಸ್ತೆ ಅಗಲವಾದಾಗ ಸಾಲುಮರ ಹೋಗುತ್ತದೆ. ಬದಲಿಗೆ ನೆಟ್ಟ ಸಸಿಯಲ್ಲಿ ಪೊಟರೆ ಮೂಡಲು ಅರ್ಧ ಶತಮಾನ ಬೇಕು. ಮೊಟ್ಟೆಗೆ ಕಾವು ಕೊಡಲು 17ರಿಂದ 19 ದಿನ, ಮರಿ ಹಾರುವಂತಾಗಲು ಮತ್ತೆ 30ರಿಂದ 35 ದಿನ. ಒಟ್ಟಿನಲ್ಲಿ 50 ದಿನಗಳ ಕಾಲ ಆ ಪೊಟರೆಯ ಸುತ್ತಮುತ್ತ ಹುಳಗಳಿರಬೇಕು; ಆ ಹುಳಗಳಲ್ಲಿ ವಿಷವಿರಬಾರದು. ಒಂದು ಊರು ತನ್ನ ರಾಜ್ಯಪಕ್ಷಿಗೆ ಕೊಡಬೇಕಾದದ್ದು ಇಷ್ಟೇ. ಇಷ್ಟನ್ನೂ ಕೊಡಲಾಗದಿದ್ದರೆ ಸರ್ಕಾರಿ ಕ್ಯಾಲೆಂಡರಿನಲ್ಲಿ ಅದರ ಚಿತ್ರ ಅಚ್ಚುಹಾಕಿ ಪ್ರಯೋಜನವೇನು?

ಗೋಪುರದ ಮೇಲೆ ಹೊರಿಸಿದ ಅಪವಾದ

ಪ್ರತಿವರ್ಷ ಮಾರ್ಚ್ 20ರಂದು ಗುಬ್ಬಚ್ಚಿ ದಿನಾಚರಣೆ ನಡೆಯುತ್ತದೆ. 2010ರಿಂದ ಆರಂಭವಾದ ಈ ಆಚರಣೆಯಲ್ಲಿ ಭಾಷಣಗಳಾಗುತ್ತವೆ, ರಟ್ಟಿನ ಗೂಡುಗಳನ್ನು ಹಂಚಲಾಗುತ್ತದೆ. ‘ಮೊಬೈಲ್ ಗೋಪುರಗಳ ತರಂಗಗಳಿಂದ ಗುಬ್ಬಚ್ಚಿ ಅಳಿಯಿತು’ ಎಂಬ ಮಾತು ಬಹುತೇಕ ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತದೆ. ಆದರೆ 2020ರ ಪಕ್ಷಿಸ್ಥಿತಿ ವರದಿ ಹೇಳಿದ್ದೇನು? ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿಯ ಸಂಖ್ಯೆ 25 ವರ್ಷಗಳಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿಮುಖವಾಗಿರುವುದು ಬೆಂಗಳೂರು, ಚೆನ್ನೈ, ದೆಹಲಿಯಂತಹ ಮಹಾನಗರಗಳಲ್ಲಿ. ಗೋಪುರಗಳೇ ಕಾರಣವೆಂಬುದಕ್ಕೆ ಆಧಾರವೂ ದೊರೆತಿಲ್ಲ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ತನ್ನ ಮರಿಗೆ ಉಣಿಸುವುದು ಹುಳುಹುಪ್ಪಟೆಯನ್ನು. ನಾಡಹೆಂಚಿನ ಮನೆ ಹೋಗಿ ತಾರಸಿ ಬಂದಾಗ ಗೂಡಿನ ಸಂದು ಹೋಯಿತು. ಹಿತ್ತಲು ಹೋಗಿ ಸಿಮೆಂಟಿನ ಅಂಗಳ ಬಂದಾಗ ಮರಿಗಳ ಊಟವೂ ಹೋಯಿತು.

ಗೋಪುರದ ಕಥೆ ಇಷ್ಟು ಜನಪ್ರಿಯವಾಗಲು ಕಾರಣ ಸರಳವಾಗಿದೆ. ಗೋಪುರವನ್ನು ನಿಲ್ಲಿಸಿದವರು ಯಾರೋ ದೂರದ ಕಂಪನಿಯವರು. ಅವರನ್ನು ದೂಷಿಸಿದರೆ ಊರಿನಲ್ಲಿ ಯಾರೂ ಏನನ್ನೂ ಬದಲಿಸಬೇಕಾಗಿಲ್ಲ. ಸಿಂಪಡಣೆಯ ಡಬ್ಬ ಮಾತ್ರ ಹಾಗಲ್ಲ. ಅದು ಪ್ರತಿ ಮನೆಯ ಜಗುಲಿಯ ಮೂಲೆಯಲ್ಲಿದೆ. ಆದ್ದರಿಂದಲೇ ಅದರ ಬಗ್ಗೆ ಮೌನ. ಬೇಸಿಗೆಯಲ್ಲಿ ತಾರಸಿಯ ಮೇಲೆ ಬಟ್ಟಲಿನಲ್ಲಿ ನೀರಿಡುವುದು ಕರುಣೆಯ ಕೆಲಸ, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಬಟ್ಟಲಿನ ನೀರು ಕುಡಿದ ಹಕ್ಕಿ ಪಕ್ಕದ ಹೊಲದ ವಿಷವುಂಡ ಮಿಡತೆಯನ್ನು ತಿಂದು ಸಾಯುವುದಾದರೆ, ಆ ಕರುಣೆಗೆ ಅರ್ಥವೇನು?

ಕೆಂಪು ತ್ರಿಕೋನದ ನೆರಳು

ವಿಷದ ಮಾತು ಬಂದಾಗ ಈ ಭಾಗದ ಜನರಿಗೆ ದೂರದ ನಿದರ್ಶನ ಬೇಕಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಪ್ರಾಣ ಕಳೆದುಕೊಂಡರು. ಅದರಲ್ಲಿದ್ದದ್ದು ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ. ಬಿಸಾಡಿದ ಪ್ರಸಾದಕ್ಕೆ ಬಾಯಿ ಹಾಕಿದ ಕಾಗೆಗಳೂ ಅಲ್ಲೇ ಸತ್ತುಬಿದ್ದವೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಅದು ಮನುಷ್ಯರು ಎಸಗಿದ ಅಪರಾಧ. ಅದರ ವಿಚಾರಣೆ ನ್ಯಾಯಾಲಯದ ಕೆಲಸ. ಆದರೆ ಆ ಅಪರಾಧಕ್ಕೆ ಬಳಕೆಯಾದ ವಸ್ತು ಯಾವ ಗುಪ್ತ ಕಾರ್ಖಾನೆಯಿಂದಲೂ ಬಂದದ್ದಲ್ಲ. ಅದು ಹೊಲಗಳಿಗೆ ವರ್ಷಾನುಗಟ್ಟಲೆ ಸಿಂಪಡಿಸುತ್ತ ಬಂದ, ಕೆಂಪು ತ್ರಿಕೋನದ ಗುರುತಿದ್ದರೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಔಷಧಿ. ‘ಔಷಧಿ’ ಎಂಬ ಹೆಸರೇ ಅದರ ಮೊದಲ ಮೋಸ.

ಇದೇ ಮಾನೊಕ್ರೊಟೊಫಾಸ್ 1995–96ರಲ್ಲಿ ದೂರದ ಅರ್ಜೆಂಟೀನಾದಲ್ಲಿ ಸ್ವೇನ್ಸನ್ ಗಿಡುಗಗಳೆಂಬ ವಲಸೆ ಹಕ್ಕಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿತು. ಅಲ್ಲಿ ಯಾರೂ ಗಿಡುಗಗಳಿಗೆ ವಿಷವಿಟ್ಟಿರಲಿಲ್ಲ. ರೈತರು ಸಿಂಪಡಿಸಿದ್ದು ಮಿಡತೆಗಳಿಗೆ. ಗಿಡುಗಗಳು ತಿಂದದ್ದು ಆ ಮಿಡತೆಗಳನ್ನು. ನೀಲಕಂಠದ ಊಟವೂ ಮಿಡತೆಯೇ ಎಂಬುದನ್ನು ನೆನಪಿಸಿಕೊಂಡರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತಾಗಲೂ ಆ ಊಟದಲ್ಲಿ ಬೆರೆತಿದ್ದದ್ದು ಇದೇ ರಾಸಾಯನಿಕ. ಇಷ್ಟೆಲ್ಲ ಆದ ಮೇಲೆ, 2023ರಲ್ಲಿ, ಕೇಂದ್ರ ಸರ್ಕಾರ ಮಾನೊಕ್ರೊಟೊಫಾಸ್‌ನ 36 ಪ್ರತಿಶತದ ದ್ರಾವಣವನ್ನು ನಿಷೇಧಿಸಿತು. ಡೈಕ್ಲೋರ್‌ವಾಸ್, ಫೋರೇಟ್ ಮುಂತಾದವುಗಳ ನಿಷೇಧ 2020ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತ್ತು. ನಿಷೇಧದ ಆದೇಶ ದೆಹಲಿಯಲ್ಲಿ ಹೊರಬೀಳುತ್ತದೆ. ಅಟ್ಟದ ಮೇಲಿನ ಅರ್ಧ ತುಂಬಿದ ಬಾಟಲಿಗೆ ಆ ಸುದ್ದಿ ತಲುಪುವುದು ಯಾವಾಗ?

ವಿಷಕ್ಕೆ ಗಡಿಯಿಲ್ಲವೆಂಬುದನ್ನು ಕಾಡು ಕೂಡ ಕಂಡಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷ ಬೆರೆಸಿದ ಹಸುವಿನ ಕಳೇಬರವನ್ನು ತಿಂದು ಸತ್ತವು. ಐದು ಹುಲಿಗಳ ಸಾವು ರಾಷ್ಟ್ರದ ಸುದ್ದಿಯಾಯಿತು, ಆಗಲೇಬೇಕಿತ್ತು. ಹೊಲದಲ್ಲಿ ಸತ್ತುಬಿದ್ದ ಕಾಜಾಣ, ಗೊರವಂಕಗಳ ಸುದ್ದಿಯನ್ನು ಬರೆಯುವವರು ಯಾರು? ಅದನ್ನು ನೋಡುವವರು ಆ ಹೊಲದಲ್ಲಿ ಕಳೆ ಕೀಳುವ ಹೆಂಗಸರು, ದನ ಮೇಯಿಸುವ ಹುಡುಗರು ಮಾತ್ರ. ಅವರನ್ನು ಪಕ್ಷಿವೀಕ್ಷಕರೆಂದು ಇದುವರೆಗೆ ಯಾರೂ ಕರೆದಿಲ್ಲ.

ರೇಷ್ಮೆ ಹುಳು ಕಲಿಸಿದ ಪಾಠ

ವಿಷವಿಲ್ಲದೆ ಬೇಸಾಯ ಸಾಧ್ಯವೇ ಎಂಬ ಪ್ರಶ್ನೆ ಸಹಜ. ಕೊಳ್ಳೇಗಾಲ ಸೀಮೆ ರೇಷ್ಮೆಗೆ ಹೆಸರಾದದ್ದು. ಈ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿನ ಹುಳುಮನೆಯಲ್ಲೇ ಇದೆ. ಪಕ್ಕದ ಹೊಲದವನು ಸಿಂಪಡಿಸಿದ ವಿಷ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಎಲೆಯ ಮೇಲೆ ಕುಳಿತರೆ ಏನಾಗುತ್ತದೆಂದು ರೇಷ್ಮೆ ಬೆಳೆಗಾರನಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ನಾಲ್ಕನೆಯ ಜ್ವರ ದಾಟಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಏರಬೇಕಾದ ಹುಳುಗಳು ತಲೆ ಆಡಿಸುತ್ತ, ವಾಂತಿ ಮಾಡುತ್ತ ಸಾಯುವುದನ್ನು ಕಂಡ ಕುಟುಂಬಕ್ಕೆ ಅದು ವರ್ಷದ ಸಾಲದ ಲೆಕ್ಕ. ಆದ್ದರಿಂದಲೇ ಅವನು ತೋಟಕ್ಕೆ ಏನು ಬಿತ್ತು, ಎಷ್ಟು ದಿನ ಕಾಯಬೇಕು, ನೆರೆಯವನು ಯಾವಾಗ ಸಿಂಪಡಿಸಿದ ಎಂಬುದನ್ನೆಲ್ಲ ಎಚ್ಚರದಿಂದ ನೋಡುತ್ತಾನೆ.

ಒಂದು ಹುಳುವಿನ ವಿಷಯದಲ್ಲಿ ಇರುವ ಈ ಎಚ್ಚರ ಇತರ ಜೀವಿಗಳ ವಿಷಯದಲ್ಲಿ ಏಕೆ ಮಾಯವಾಗುತ್ತದೆ? ರೇಷ್ಮೆ ಹುಳು ಸತ್ತರೆ ನಷ್ಟ ಅದೇ ವಾರ ಕಣ್ಣಿಗೆ ಕಾಣುತ್ತದೆ. ಹುಳ ತಿನ್ನುವ ಹಕ್ಕಿ ಸತ್ತರೆ ನಷ್ಟ ಮುಂದಿನ ಹಂಗಾಮಿನಲ್ಲಿ, ಇನ್ನೊಂದು ಡಬ್ಬ ವಿಷದ ಬೆಲೆಯಾಗಿ ಕಾಣುತ್ತದೆ. ಕಾರಣ ಮಾತ್ರ ಕಾಣುವುದಿಲ್ಲ. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಿಗೆ ಅಮೆರಿಕ ಖಂಡದ ಮೂಲದ ಸೈನಿಕ ಹುಳು ಬಂದಾಗ ಮೊದಲು ಹೊರಬಿದ್ದದ್ದು ಸಿಂಪಡಣಾ ಯಂತ್ರ. ಹುಳವನ್ನು ಹೆಕ್ಕಿ ತಿನ್ನುವ ಕಾಜಾಣ, ಗೊರವಂಕ, ಗೋವಕ್ಕಿಗಳಿಗೆ ಕೂರಲು ಒಂದು ಕೋಲು ನೆಡುವ ಯೋಚನೆ ಎಷ್ಟು ಹೊಲಗಳಲ್ಲಿ ನಡೆಯಿತು?

ಹಳೆಯ ಮೈಸೂರಿನ ಬೇಸಾಯಕ್ಕೆ ಕೋಲು ನೆಡುವ ಅಗತ್ಯವಿರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತು. ಜೋಳ, ಅವರೆ, ತೊಗರಿ, ಹರಳು, ಹುಚ್ಚೆಳ್ಳು ಆ ಸಾಲಿನ ಬೆಳೆಗಳು. ರಾಗಿಗಿಂತ ಎತ್ತರಕ್ಕೆ ಬೆಳೆದ ಜೋಳದ ದಂಟು, ತೊಗರಿಯ ಕೊಂಬೆ ಕಾಜಾಣಕ್ಕೆ ಕೂರುವ ಜಾಗ. ಹುಚ್ಚೆಳ್ಳಿನ ಹೂವಿಗೆ ಜೇನು, ಅವರೆಯ ಹುಳುವಿಗೆ ಹಕ್ಕಿ. ಮನೆಗೆ ಹಿಟ್ಟು, ಬೇಳೆ, ಎಣ್ಣೆ ಮೂರೂ ಕೊಡುತ್ತಿದ್ದ ಆ ಸಾಲು ಹಕ್ಕಿಗಳಿಗೂ ಮನೆಯಾಗಿತ್ತು. ಅಕ್ಕಡಿ ಹೋಗಿ ಒಂದೇ ಬೆಳೆಯ ಬಯಲು ಬಂದಾಗ ಹಕ್ಕಿಯ ಆಸನ ಹೋಯಿತು, ಅದರ ಕೆಲಸವನ್ನು ಡಬ್ಬ ವಹಿಸಿಕೊಂಡಿತು. ಇಂದು ಸಮಗ್ರ ಕೀಟ ನಿರ್ವಹಣೆಯ ಹೆಸರಿನಲ್ಲಿ ‘ಹಕ್ಕಿ ಕೂರುವ ಕೋಲು ನೆಡಿ’ ಎಂದು ಕರಪತ್ರ ಹಂಚುವವರು, ಜೀವಂತ ಕೋಲುಗಳನ್ನು ಹೊಲದಿಂದ ಹೊರಹಾಕಿದ್ದು ಯಾವ ಶಿಫಾರಸು ಎಂಬುದನ್ನೂ ಆ ಕರಪತ್ರದಲ್ಲಿ ಬರೆಯಬೇಕಾಗಿತ್ತು.

ಬೆಟ್ಟದ ಪಟ್ಟಿ, ಬಯಲಿನ ಮೌನ

ಹೊಲದ ಈ ಸಂಗತಿಗಳು ದಾಖಲಾಗದಿರುವುದಕ್ಕೆ ಪಕ್ಷಿವೀಕ್ಷಣೆಯ ಅಭ್ಯಾಸಗಳೂ ಹೊಣೆ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದಿದ್ದರು. ಆಗ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ; 1956ರವರೆಗೆ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗ. ಅನಂತರ ಬೆಟ್ಟಗಳಿಗೆ ರಕ್ಷಣೆಯ ಹೆಸರುಗಳು ಒಂದೊಂದಾಗಿ ಬಂದವು. 1987ರಲ್ಲಿ ಕಾವೇರಿ ವನ್ಯಧಾಮ, 2011ರಲ್ಲಿ ಬಿಳಿಗಿರಿರಂಗನಾಥಸ್ವಾಮಿ ಹುಲಿ ಸಂರಕ್ಷಿತ ಪ್ರದೇಶ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ. ಇವೆಲ್ಲ ಅಗತ್ಯವಾಗಿದ್ದ ಕ್ರಮಗಳು. ಆದರೆ ಇವುಗಳ ನಡುವಿನ ಬಯಲು, ಕೆರೆ, ಕುರುಚಲು, ಹೊಲ ಯಾರದೂ ಅಲ್ಲದ ನೆಲವಾಯಿತು. ಪಕ್ಷಿವೀಕ್ಷಕರ ದಾಖಲೆಗಳು ಅಭಯಾರಣ್ಯಗಳ ಮತ್ತು ನಗರಗಳ ಸುತ್ತ ದಟ್ಟವಾಗಿವೆ. ಹಳ್ಳಿಯ ಹೊಲದ ಮೇಲೆ ತೆಳುವಾಗಿವೆ. ದಾಖಲೆಯಿಲ್ಲದ ಕಡೆ ಕುಸಿತವೂ ದಾಖಲಾಗುವುದಿಲ್ಲ. ಇಲ್ಲವಾದ ಹಕ್ಕಿ ಎಂದೂ ಇರಲೇ ಇಲ್ಲವೆಂದಾಗುತ್ತದೆ.

ಅಪರೂಪದ ಹಕ್ಕಿಯ ಚಿತ್ರಕ್ಕಾಗಿ ಗೂಡಿನ ಬಳಿ ಗಂಟೆಗಟ್ಟಲೆ ಮರೆ ಕಟ್ಟಿ ಕೂರುವ, ಮುದ್ರಿಸಿದ ಕೂಗನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಹೊರಗೆಳೆಯುವ ಹವ್ಯಾಸಿಗಳ ಮಾತು ಬೇರೆಯೇ ಇದೆ. ಶ್ರೀರಂಗಪಟ್ಟಣ ಸಮೀಪದ ನಗುವನಹಳ್ಳಿಯಲ್ಲಿ ಬೇಸಿಗೆಯಲ್ಲಿ ಮಣ್ಣಿನ ದಂಡೆಯಲ್ಲಿ ಬಿಲ ತೋಡಿ ಮರಿ ಮಾಡುವ ನೀಲಿಬಾಲದ ಜೇನುಹಿಡುಕಗಳು ಮಣ್ಣು ತೆಗೆಯುವವರನ್ನೂ ಚಿತ್ರ ತೆಗೆಯುವವರನ್ನೂ ಒಟ್ಟಿಗೆ ಸಹಿಸಿಕೊಳ್ಳಬೇಕಾಗಿ ಬಂದಿದೆ. ಬೇಸಿಗೆಯ ಆರಂಭ ಗೂಡಿನ ಕಾಲ. ಆ ಕಾಲದಲ್ಲಿ ಹಕ್ಕಿಗೆ ಬೇಕಾದದ್ದು ದೂರ. ಗೂಡಿನ ಜಾಗವನ್ನು ಊರಿನ ಪುಸ್ತಕದಲ್ಲಿ ಬರೆಯಬೇಕೇ ಹೊರತು ಊರಿಗೆಲ್ಲ ಸಾರಬಾರದು.

ಬೆಟ್ಟದ ಮೇಲೂ ಎಲ್ಲ ಜ್ಞಾನ ದಾಖಲಾಗಿಲ್ಲ. ಬಿಳಿಗಿರಿಯ ಸೋಲಿಗರ ಪಕ್ಷಿಜ್ಞಾನವನ್ನು ಕುರಿತು ಸಮೀರಾ ಅಗ್ನಿಹೋತ್ರಿ ಮತ್ತು ಆಂಗ್ ಸಿ ಅವರು 2012ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಕ್ಕಿಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಗುರುತಿಸುವ, ಕೂಗಿನಿಂದಲೇ ಹೆಸರು ಕಟ್ಟುವ ಒಂದು ಜನಸಮುದಾಯದ ತಿಳಿವಳಿಕೆ ವಿದ್ವತ್ ಪತ್ರಿಕೆಗೆ ತಲುಪಲು ಅಷ್ಟು ಕಾಲ ಬೇಕಾಯಿತು. ಬಯಲಿನ ಕುರಿಗಾಹಿಗೆ, ಕೂಲಿಕಾರ ಮಹಿಳೆಗೆ, ಗೌಜಲು, ಬುರ್ಲಿಗಳ ಜಾಡು ಬಲ್ಲ ಮುದುಕನಿಗೆ ಅಂತಹ ಪ್ರಬಂಧ ಇನ್ನೂ ಬರಬೇಕಾಗಿದೆ.

ರೈತನ ದೂರಿಗೂ ಉತ್ತರ ಬೇಕು

ಹಕ್ಕಿಗಳ ಪರವಾಗಿ ಮಾತನಾಡುವವರು ರೈತನ ದೂರನ್ನು ಕೇಳಿಸಿಕೊಳ್ಳದಿದ್ದರೆ ಅವರ ಮಾತನ್ನು ರೈತನೂ ಕೇಳಬೇಕಾಗಿಲ್ಲ. ಗಿಳಿ ಜೋಳದ ತೆನೆ ಕತ್ತರಿಸುತ್ತದೆ. ನವಿಲು ಮೊಳಕೆಯನ್ನೇ ಕಿತ್ತು ತಿನ್ನುತ್ತದೆ. ಅದರ ಸಂಖ್ಯೆ ಹೆಚ್ಚಿದೆಯೆಂದು ಮೇಲೆ ಹೇಳಿದ ವರದಿಗಳೇ ಒಪ್ಪಿವೆ. ರಾಷ್ಟ್ರಪಕ್ಷಿಯನ್ನು ಸಾಕುವ ಖರ್ಚನ್ನು ಎರಡೆಕರೆಯ ರೈತನೊಬ್ಬನೇ ಏಕೆ ಹೊರಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ನಷ್ಟಕ್ಕೆ ಪರಿಹಾರ ಕೇಳುವುದು ಅವನ ಹಕ್ಕು, ಅದಕ್ಕೆ ಪರಿಸರ ಚಳವಳಿಯೂ ದನಿಗೂಡಿಸಬೇಕು.

ಆದರೆ ‘ಹಕ್ಕಿಯೆಂದರೆ ಶತ್ರು’ ಎಂಬ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂಬುದನ್ನು ಜಗತ್ತು ಒಮ್ಮೆ ನೋಡಿದೆ. 1958ರಲ್ಲಿ ಚೀನಾದಲ್ಲಿ ಕಾಳು ತಿನ್ನುವ ಗುಬ್ಬಚ್ಚಿಯನ್ನು ನಾಲ್ಕು ಪೀಡೆಗಳಲ್ಲಿ ಒಂದೆಂದು ಸಾರಿ, ಜನರನ್ನು ಬೀದಿಗಿಳಿಸಿ, ತಮಟೆ ಬಡಿದು, ಕೂರಗೊಡದೆ ಕೊಲ್ಲಲಾಯಿತು. ಹೊಲಗಳಲ್ಲಿ ಹುಳುಗಳ ಹಾವಳಿ ಏರಿತು. 1960ರಲ್ಲಿ ಗುಬ್ಬಚ್ಚಿಯನ್ನು ಆ ಪಟ್ಟಿಯಿಂದ ತೆಗೆದು ಅದರ ಜಾಗದಲ್ಲಿ ತಿಗಣೆಯನ್ನು ಸೇರಿಸಬೇಕಾಯಿತು. ಕವಣೆ, ಬೆದರುಬೊಂಬೆಗಳಿಂದ ಹಕ್ಕಿಯನ್ನು ಓಡಿಸಿದ ಹಿರಿಯರಿಗೆ ಇದು ಗೊತ್ತಿತ್ತು. ಕವಣೆ ಹಕ್ಕಿಯನ್ನು ತೆನೆಯಿಂದ ಎಬ್ಬಿಸುತ್ತದೆ, ಊರಿನಿಂದ ಅಳಿಸುವುದಿಲ್ಲ. ತೆನೆಗಟ್ಟುವ ಮೂರು ವಾರ ಕಾವಲು, ಉಳಿದ ಕಾಲವೆಲ್ಲ ಸಹಬಾಳ್ವೆ ಎಂಬುದು ಅವರ ಒಪ್ಪಂದವಾಗಿತ್ತು.

ಆ ಒಪ್ಪಂದ ಇಂದಿಗೂ ಸಾಧ್ಯವೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರು 1976ರಲ್ಲಿ ಆ ಊರನ್ನು ಹೊರಜಗತ್ತಿಗೆ ಪರಿಚಯಿಸುವ ಬಹುಕಾಲದ ಮೊದಲಿನಿಂದಲೂ ಊರಿನವರು ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದರು. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. ಹುಣಸೆಯ ಫಸಲು ಕಳೆದುಕೊಂಡ ಮರದೊಡೆಯರಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆ ಬಂದದ್ದು ಕೊನೆಯಲ್ಲಿ. ಸಮುದಾಯ ಇದ್ದದ್ದು ಮೊದಲಿನಿಂದ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಫಲ ಸಿಗಲಾರದು.

ಊರಿನ ಪುಸ್ತಕ

ಹಾಗಾದರೆ ಆಗಬೇಕಾದದ್ದೇನು? ದೊಡ್ಡ ಯೋಜನೆಯೇನೂ ಅಲ್ಲ. ಪ್ರತಿ ಊರಿನಲ್ಲಿ ಒಂದು ಪುಸ್ತಕ. ಶಾಲೆಯಲ್ಲೋ ಗ್ರಂಥಾಲಯದಲ್ಲೋ ಹಾಲಿನ ಡೈರಿಯಲ್ಲೋ ಇಟ್ಟ, ಇನ್ನೂರು ಪುಟದ ಸಾಮಾನ್ಯ ನೋಟ್ ಪುಸ್ತಕ. ಶಿವರಾತ್ರಿಯಿಂದ ಭರಣಿ ಮಳೆಯವರೆಗೆ ಕಂಡ ಹಕ್ಕಿಯನ್ನು ದಿನಾಂಕ, ವೇಳೆ, ಹೊಲದ ಹೆಸರು, ಸಂಖ್ಯೆಗಳೊಡನೆ ಕನ್ನಡದಲ್ಲಿ ಬರೆಯುವುದು. ಪುಸ್ತಕದ ಹೆಸರು ತಿಳಿಯದಿದ್ದರೆ ಊರಿನ ಹೆಸರು. ಅದೂ ಇಲ್ಲದಿದ್ದರೆ ಬಣ್ಣ, ಗಾತ್ರ, ಕೂಗು. ಹಕ್ಕಿಗಳ ಕುರಿತು ಕನ್ನಡದಲ್ಲಿ ಬರೆಯಬಹುದೇ ಎಂಬ ಸಂಶಯ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಬಂದ ಮೇಲೂ ಉಳಿದಿದ್ದರೆ ಅದು ಕನ್ನಡದ ದೋಷವಲ್ಲ.

ಹೆಸರಿನ ಮುಂದೆ ಇನ್ನೂ ಮೂರು ಕಲಂ ಇರಬೇಕು. ಹಕ್ಕಿ ಏನು ತಿನ್ನುತ್ತಿತ್ತು? ಗೂಡು ಯಾವ ಮರದಲ್ಲಿ, ಮರಿ ಹಾರಿತೇ? ಆ ಹೊಲದ ಬೆಳೆ ಯಾವುದು, ಯಾವ ದಿನ ಏನನ್ನು ಸಿಂಪಡಿಸಲಾಯಿತು? ನೀಲಕಂಠದ ಕುಸಿತಕ್ಕೆ ವಿಷವೊಂದೇ ಕಾರಣವೆಂದು ಇಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಪೊಟರೆಯ ಕೊರತೆ, ಬೆಳೆಯ ಬದಲಾವಣೆ, ಹುಲ್ಲುಬಯಲಿನ ನಾಶ ಎಲ್ಲವೂ ಸೇರಿರಬಹುದು. ಯಾವುದರ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ಹೇಳಬಲ್ಲದ್ದು ಈ ಮೂರು ಕಲಂಗಳು ಮಾತ್ರ. ಐದು ಬೇಸಿಗೆ ಇದನ್ನು ತುಂಬಿದ ಊರು ಕೃಷಿ ಅಧಿಕಾರಿಯ ಮುಂದೆ, ವಿಜ್ಞಾನಿಯ ಮುಂದೆ ತನ್ನದೇ ಅಂಕಿಗಳೊಡನೆ ನಿಲ್ಲಬಲ್ಲದು. ತುಂಬದ ಊರು ಬೇರೆಯವರ ಅಂಕಿಗಳಿಗೆ ತಲೆಯಾಡಿಸಬೇಕಾಗುತ್ತದೆ.

ಇದಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಊರಿನ ಪುಸ್ತಕದ ಪುಟಗಳು ಆ ದಾಖಲಾತಿಗೆ ಸೇರಬೇಕೆಂದು ಗ್ರಾಮಸಭೆಯಲ್ಲಿ ಕೇಳುವ ಅಧಿಕಾರ ಪ್ರತಿಯೊಬ್ಬರಿಗೂ ಇದೆ. ಮಧುವನಹಳ್ಳಿಯಂತಹ ದೊಡ್ಡ ಊರಿನ ಒಂದು ಗ್ರಾಮಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, ‘ಇಂಥ ಹೊಲದ ಬದುವಿನ ಒಣಬೇವಿನಲ್ಲಿ ನೀಲಕಂಠ ಮರಿ ಮಾಡಿದೆ, ಆ ಮರವನ್ನು ಕಡಿಯಬಾರದು, ಐವತ್ತು ದಿನ ಅದರ ಸುತ್ತ ಸಿಂಪಡಿಸಬಾರದು’ ಎಂದು ದಿನಾಂಕ ಸಹಿತ ಓದಿ ಹೇಳಿದರೆ, ಅದು ನೂರು ಗುಬ್ಬಚ್ಚಿ ದಿನಾಚರಣೆಗಳಿಗಿಂತ ದೊಡ್ಡ ಕೆಲಸ.

ಪರಸೆಯ ಜನ ಮುಂದಿನ ವರ್ಷವೂ ಈ ಹಾದಿಯಲ್ಲಿ ನಡೆದುಬರುತ್ತಾರೆ. ದುರ್ಬೀನಿನವರ ವಾಹನಗಳೂ ಬರುತ್ತವೆ, ನಿಲ್ಲದೆ ಬೆಟ್ಟದತ್ತ ಹೋಗುತ್ತವೆ. ಹೋಗಲಿ. ಬಯಲಿನ ಹಕ್ಕಿಯನ್ನು ಎಣಿಸಬೇಕಾದವರು ಬಯಲಿನಲ್ಲಿ ಬಾಳುವವರು. ಆ ಎಣಿಕೆ ಈ ಬೇಸಿಗೆಯಲ್ಲೇ ಆರಂಭವಾಗಬೇಕು. ಪೊಟರೆಯಿರುವ ಒಣಮರ ಮುಂದಿನ ಬೇಸಿಗೆಯವರೆಗೆ ಸೌದೆಯಾಗದೆ ಉಳಿಯುತ್ತದೆಂಬ ಭರವಸೆ ಯಾರಿಗೂ ಇಲ್ಲ.